ಗುಂಡಮ್ಮನ ಚಾಳೀಸು, ನನ್ನ ಪ್ರಬಂಧ

ಬ್ರೆಜಿಲ್ ದೇಶದಲ್ಲಿ ಲಕ್ಷಾಂತರ ಚೀಲ ಕಾಫಿ ಸುಟ್ಟು ಬೂದಿಯಾಯಿತೆಂಬ ಸುದ್ದಿಯನ್ನು ನಾನು ಓದಿದ್ದು ಭಜಿ ಕಟ್ಟಿಕೊಟ್ಟ ಉರ್ದು ಪತ್ರಿಕೆಯ ತುಂಡಿನ ಮೇಲೆ. ಹೈದರಾಬಾದಿನ ಕಾಲೇಜೊಂದರಲ್ಲಿ ಅದು ನನ್ನ ಎರಡನೆಯ ವರ್ಷ. ಯಾರು ಸುಟ್ಟರು, ಯಾಕೆ ಸುಟ್ಟರು ಎಂಬ ಭಾಗವನ್ನು ಎಣ್ಣೆ ತಿಂದುಬಿಟ್ಟಿತ್ತು. ಔರಾದದ ಕಡೆ ಹುಟ್ಟಿದ ನನಗೆ ಅದನ್ನು ಕೇಳಬೇಕೆಂದೂ ತೋರಲಿಲ್ಲ. ನಮ್ಮಲ್ಲಿ ಯಾರದಾದರೂ ಕಣಕ್ಕೆ ಬೆಂಕಿ ಹತ್ತಿ ರಾಶಿ ಉರಿದುಹೋದರೆ, ಮರುದಿನ ಊರವರು ಮನೆಗೊಂದು ಮೊರ ಕಾಳು ಕೂಡಿಸಿ ಆ ಮನೆಯ ಅಂಗಳದಲ್ಲಿ ಸುರಿದು ಬರುತ್ತಾರೆ. ಕೊಟ್ಟವರು ಹೆಸರು ಹೇಳುವುದಿಲ್ಲ, ಇಸಿದುಕೊಂಡವರು ಕೈ ಮುಗಿಯುವುದಿಲ್ಲ. ನಾನು ಆ ಸಂಜೆಯೇ ನನ್ನ ರೂಮಿ ಟೋಪಿಯನ್ನು ಬಾಯಿ ಮೇಲಾಗಿ ಹಿಡಿದು ಹಾಸ್ಟೇಲಿನ ಕೋಣೆ ಕೋಣೆಗೆ ಹೋದೆ. "ಬ್ರೆಜಿಲಿನವರ ಕಣ ಸುಟ್ಟಾದ, ಏನರ ಕೊಡ್ರಿ." ಬೀದರ ಜಿಲ್ಲೆಯ ಹುಡುಗರು ಒಬ್ಬರೂ ಇಲ್ಲವೆನ್ನಲಿಲ್ಲ. ಎರಡು ರೂಪಾಯಿ ಹನ್ನೊಂದಾಣೆ ಕೂಡಿತು.

ಮರುದಿನ ಆ ದುಡ್ಡನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಅರ್ಥಶಾಸ್ತ್ರ ಕಲಿಸುವ ಸಲಾವೋದ್ದೀನ ಸಾಹೇಬರನ್ನು ತರಗತಿಯಲ್ಲೇ ಎದ್ದು ನಿಂತು ಕೇಳಿದೆ. ಸಾಹೇಬರು ಮೊದಲು ನನ್ನನ್ನು ನೋಡಿದರು, ಆಮೇಲೆ ಟೋಪಿಯನ್ನು ನೋಡಿದರು, ಆಮೇಲೆ ಕುರ್ಚಿಯ ಮೇಲೆ ಕೂತು ಕಣ್ಣೀರು ಬರುವವರೆಗೆ ನಕ್ಕರು. ಕಾಫಿಯನ್ನು ಸುಟ್ಟವರು ಬೆಳೆದವರ ಸರಕಾರದವರೇ, ಬೇಕೆಂದೇ ಸುಟ್ಟದ್ದು, ಮಾಲು ಕಡಿಮೆಯಾದರೆ ಧಾರಣೆ ಏರೀತೆಂಬ ಆಸೆಗೆ ಎಂದು ಅವರು ಬಿಡಿಸಿ ಹೇಳಿದಾಗ ಎಂಬತ್ತು ಜನ ನಕ್ಕರು. ನಾನೂ ನಕ್ಕೆ. ಕೂತ ಮೇಲೆ ಒಂದೊಂದಾಗಿ ಲೆಕ್ಕ ಹಾಕಿದೆ: ಉಣ್ಣುವ ವಸ್ತುವನ್ನು ಬುದ್ಧಿಪೂರ್ವಕ ಸುಡುವವರಿದ್ದಾರೆ, ಅದಕ್ಕೊಂದು ಶಾಸ್ತ್ರವಿದೆ, ಆ ಶಾಸ್ತ್ರಕ್ಕೊಂದು ಪರೀಕ್ಷೆ ಇದೆ, ಆ ಪರೀಕ್ಷೆಗೆ ನಾನು ಫೀ ಕಟ್ಟಿದ್ದೇನೆ. ಕೂಡಿದ ದುಡ್ಡಿಗೆ ನಾವು ಬಿರಿಯಾನಿ ತಿಂದೆವು. ಹಿಂದಿರುಗಿಸಲು ಹೋದರೆ ಇನ್ನೊಮ್ಮೆ ನಗಿಸಿಕೊಳ್ಳಬೇಕಿತ್ತಲ್ಲ.

ಕಾಲೇಜು ಎಂದರೆ ನನಗೆ ಈಗಲೂ ನೆನಪಾಗುವುದು ಶೇರವಾನಿಯ ಕಂಕುಳಿನ ವಾಸನೆ. ಶೇರವಾನಿ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಕಡೆಯ ನಾಲ್ವರಿಗೆ ಎರಡು ಶೇರವಾನಿ. ಬೆಳಗಿನ ಪಾಠ ಕೇಳಿ ಬೆವರಿದವನು ಬಿಚ್ಚಿ ಕೊಟ್ಟದ್ದನ್ನು ಮಧ್ಯಾಹ್ನದ ಪಾಠದವನು ಹಾಕಿಕೊಂಡು ಹೋಗುತ್ತಿದ್ದ. ಲಖನೌದ ಉರ್ದುವಿನಲ್ಲಿ ಗುರುಗಳು ಮಾತಾಡುತ್ತಿದ್ದರೆ, ಬೀದರದ ಓಣಿಯ ದಖನಿ ಬಲ್ಲ ನಾವು ತಲೆಯಾಡಿಸುತ್ತಿದ್ದೆವು. ತಲೆಯಾಡಿಸುವುದರಲ್ಲಿ ಮಾತ್ರ ನಾನು ಪ್ರಥಮ ದರ್ಜೆ. ಹಾಸ್ಟೇಲಿನ ಬೇಳೆಯಲ್ಲಿ ಬೇಳೆಯೊಂದು ಬಿಟ್ಟು ಉಳಿದುದೆಲ್ಲ ಇರುತ್ತಿತ್ತು. ಅದನ್ನು ಉಂಡು, ಅಮೆರಿಕದ ಪೇಟೆ ಕುಸಿದದ್ದರ ಏಳು ಕಾರಣಗಳನ್ನು ಬಾಯಿಪಾಠ ಮಾಡಿ ಮಲಗುತ್ತಿದ್ದೆವು.

ಜಗತ್ತಿನ ಪೇಟೆಗಳೆಲ್ಲ ಒಮ್ಮೆಲೆ ನೆಲಕಚ್ಚಿದ್ದಕ್ಕೆ ಸಲಾವೋದ್ದೀನ ಸಾಹೇಬರು 'ಕಸಾದ ಬಾಜಾರಿ' ಎನ್ನುತ್ತಿದ್ದರು. ಹೆಸರು ಕೇಳಲು ಅತ್ತರಿನಷ್ಟು ಚೆನ್ನಾಗಿತ್ತು. ಆ ವರ್ಷದ ಪ್ರಬಂಧ ಸ್ಪರ್ಧೆಯ ವಿಷಯವೂ ಅದೇ: ಕಸಾದ ಬಾಜಾರಿ ಮತ್ತು ನನ್ನ ಕಸಬೆ, ಅಂದರೆ ನನ್ನ ಪೇಟೆಯ ಊರು. ಬ್ರೆಜಿಲಿನ ಅಪಮಾನ ತೊಳೆದುಕೊಳ್ಳಲು ನಾನು ಹದಿನಾಲ್ಕು ಪುಟ ಬರೆದೆ. ಔರಾದ ತೀರ ಸಣ್ಣದೆಂದು ಕಾಳಿನ ಪೇಟೆಯಿರುವ ಭಾಲ್ಕಿಯನ್ನು ನನ್ನ ಕಸಬೆ ಮಾಡಿಕೊಂಡೆ. ಅಲ್ಲಿಯವರೆಗೆ ಭಾಲ್ಕಿಯನ್ನು ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಚಕ್ಕಡಿಯಲ್ಲಿ ಮಲಗಿ. ಬರೆದದ್ದು ಇದು: ಹಿಂದೆ ನಮ್ಮ ಕಾಳು ದಲಾಲರ ಅಡತಿ ಅಂಗಡಿಗಳಲ್ಲಿ ಕಾಳು ಹಸನು ಮಾಡುವ ಹೆಂಗಸರಿಗೆ ಕೂಲಿಯನ್ನು ಕಾಳಿನಲ್ಲೇ ಅಳೆದು ಕೊಡುತ್ತಿದ್ದರು, ಕಾಳು ಉಣ್ಣುವವನಿಗೆ ಧಾರಣೆಯ ಚಿಂತೆಯಿಲ್ಲ, ರೊಕ್ಕದ ಕೂಲಿ ಬಂದ ದಿನ ನಾವು ನ್ಯೂಯಾರ್ಕಿನ ಬಿರುಗಾಳಿಗೆ ಬಾಗಿಲು ತೆರೆದೆವು, ಮತ್ತೆ ಕಾಳಿನ ಕೂಲಿಗೆ ಮರಳಿದರೆ ಬಡವರಿಗೆ ಜಗತ್ತಿನ ಯಾವ ಪೇಟೆಯ ಹಂಗೂ ಇಲ್ಲ. ಕಾಳು ಹಸನು ಮಾಡುವ ಒಬ್ಬ ಹೆಂಗಸನ್ನೂ ನಾನು ಮಾತಾಡಿಸಿರಲಿಲ್ಲ. ಮೊದಲ ಬಹುಮಾನ ಬಂತು. ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ಅದರ ಒಂದು ವಾಕ್ಯ ನೆನಪಾದರೂ ನನಗೆ ಬಾಯಿ ಮುಕ್ಕಳಿಸಬೇಕೆನ್ನಿಸುತ್ತದೆ.

ಬಹುಮಾನದ ಮಸಿ ಒಣಗುವ ಮೊದಲು ನನ್ನ ವಜೀಫಾ ನಿಂತಿತು. ನಮ್ಮ ಕಡೆಯ ಹುಡುಗರಿಗೆ ಓದಿಗೆಂದು ತಿಂಗಳಿಗಿಷ್ಟು ಕೊಡುತ್ತಿದ್ದ ಹತ್ತಿ ವ್ಯಾಪಾರಿಗಳು, ಹತ್ತಿ ಕೇಳುವವರಿಲ್ಲವೆಂದು ಕೈ ಎತ್ತಿದರು. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ನನಗೆ ಹೆಮ್ಮೆಯೇ ಆಯಿತು. ಅಮೆರಿಕದಲ್ಲಿ ಹೊರಟದ್ದು ಸಮುದ್ರ ದಾಟಿ, ಮುಂಬಯಿ ದಾಟಿ, ನನ್ನ ಹಾಸ್ಟೇಲಿನ ಕೋಣೆ ಹುಡುಕಿಕೊಂಡು ಬಂದಿದೆ! ಮೂರನೆಯ ದಿನ ಊಟದ ಮನೆಯ ಬಾಗಿಲಲ್ಲಿ ತಡೆದರು. ಪಾಲಿಗೆ ಬಂದ ಒಂದು ಶೇರವಾನಿಯನ್ನು ಸುತ್ತಿಕೊಂಡು ಊರ ದಾರಿ ಹಿಡಿದೆ. ಔರಾದದಲ್ಲಿ ದರ್ಜಿಯ ಕೆಲಸ ಮಾಡುವ ನಮ್ಮಪ್ಪ ಮಿಷಿನ್ ತುಳಿಯುವುದನ್ನು ನಿಲ್ಲಿಸದೆ ಒಂದೇ ಮಾತು ಅಂದ: "ಅರ್ಧಾ ಹೊಲಿದ ಅಂಗಿ ಯಾರು ಹಾಕ್ಕೋತಾರ, ವೈಜಿನಾಥ? ಎಲ್ಲ್ಯಾರ ನೌಕರಿ ನೋಡು."

ನೌಕರಿ ಸಿಕ್ಕಿದ್ದು ಭಾಲ್ಕಿಯಲ್ಲಿ, ಮನ್ಮಥಪ್ಪ ಸಾವಕಾರರ ತೊಗರಿಯ ಅಡತಿಯಲ್ಲಿ. ತಿಂಗಳಿಗೆ ನಿಜಾಮರ ಹಾಲಿ ಸಿಕ್ಕಾ ಹನ್ನೆರಡು ರೂಪಾಯಿ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ 'ಕಾಯಕ', ಇದು ಸಾವಕಾರರ ಚಹರೆ. ಕೆಲಸ ಕೇಳಲು ಹೋದ ದಿನ ನಾನು ಸಹಿ-ಸರ್ಟಿಫಿಕೇಟಿನ ಬದಲು ಅಚ್ಚಾದ ಪ್ರಬಂಧವನ್ನೇ ಮುಂದಿಟ್ಟೆ. ಅವರಿಗೆ ಉರ್ದು ಓದಲು ಬಾರದು. ನಾನು ಕನ್ನಡದಲ್ಲಿ ಹೇಳುತ್ತ ಹೋದಂತೆ ಅವರ ಕಣ್ಣು ಅರ್ಧ ಮುಚ್ಚಿತು. ನಿದ್ದೆ ಬಂದಿದೆ ಎಂದುಕೊಂಡೆ. ಆ ಮನುಷ್ಯನಿಗೆ ಕಣ್ಣು ಮುಚ್ಚುವುದು ಲೆಕ್ಕ ಹಾಕುವಾಗ ಮಾತ್ರ ಎಂದು ಆಮೇಲೆ ತಿಳಿಯಿತು.

ಇರಲು ಜಾಗ ಕೊಟ್ಟವಳು ಗುಂಡಮ್ಮ. ಸಾವಕಾರರ ಅಡತಿಯಲ್ಲೇ ತೊಗರಿ ಹಸನು ಮಾಡುವ ಹತ್ತು ಹೆಂಗಸರಲ್ಲಿ ಹಿರಿಯಳು. ತವರು ಸಾಯಗಾಂವ. ಗಂಡ ಇದೇ ಅಡತಿಯಲ್ಲಿ ಹಮಾಲಿ ಮಾಡಿ ಸತ್ತವನು, ಮಕ್ಕಳಿಲ್ಲ. ಎರಡಂಕಣದ ಮನೆ, ಅದರಲ್ಲಿ ಮುಂದಿನ ಪಡಸಾಲೆ ನನಗೆ. ಊಟ ಸೇರಿ ತಿಂಗಳಿಗೆ ಮೂರೂವರೆ ರೂಪಾಯಿ. ಐದಡಿಯೂ ಇರದ ಹೆಂಗಸು, ತುಟಿಯ ಮೇಲೆ ಸದಾ ತೊಗರಿ ಹೊಟ್ಟಿನ ಧೂಳು. ಅವಳಿಗೆ ಹೆಚ್ಚು ಮಾತು ಸೇರುತ್ತಿರಲಿಲ್ಲ, ಆಡಿದ ಮಾತಿಗೆ ಉಪ್ಪು-ಸಕ್ಕರೆ ಹಚ್ಚುವ ರೂಢಿಯೂ ಇರಲಿಲ್ಲ. ಮೊದಲ ದಿನ ರೊಟ್ಟಿ ಬಡಿಯುತ್ತ ಕೇಳಿದಳು:

"ಎರಡು ವರ್ಷ ಏನು ಕಲತಿ, ಕಾಲೇಜಪ್ಪಾ?"

"ಅರ್ಥಶಾಸ್ತ್ರ, ಗುಂಡವ್ವಾ. ಧಾರಣಿ ಯಾಕ ಏರ್ತದ, ಯಾಕ ಇಳೀತದ ಅನ್ನೋದು."

"ಯಾಕ ಇಳೀತದ?"

"ಮಾಲು ಭಾಳ ಆತಂದ್ರ ಇಳೀತದ."

"ಅಷ್ಟು ತಿಳಕೊಳ್ಳಾಕ ಹೈದ್ರಾಬಾದಿಗಿ ಹೋಗಿದ್ದೇನು? ಬದನಿಕಾಯಿ ಮಾರೋ ಕೇಶರಬಾಯಿಗಿ ಕೇಳಿದ್ರ ನಿಂತಲ್ಲೇ ಹೇಳತಿದ್ದಳಲ್ಲ. ಫೀನೂ ಇಲ್ಲ."

ನಾನು ಸೋಲೊಪ್ಪದೆ ಬ್ರೆಜಿಲಿನ ಕಾಫಿಯ ಕಥೆ ಹೇಳಿದೆ, ಟೋಪಿಯ ಭಾಗ ಬಿಟ್ಟು. ಅವಳ ಕೈ ರೊಟ್ಟಿಯ ಮೇಲೆ ನಿಂತಿತು. "ಬೇಕಂತ ಸುಟ್ರು?" ಅಂದಳು. "ಅವರ ಮನ್ಯಾಗ ಹೆಣಮಕ್ಕಳು ಇರಲಿಲ್ಲೇನು?" ನಾನು ಸಲಾವೋದ್ದೀನ ಸಾಹೇಬರ ಏಳು ಕಾರಣಗಳನ್ನು ಮೊದಲಿನಿಂದ ಎಣಿಸತೊಡಗಿದೆ.

ಗುಂಡಮ್ಮ ಮೊರ ಹಿಡಿದರೆ ನೋಡಬೇಕು. ತೊಗರಿಯನ್ನು ಮೇಲಕ್ಕೆ ಹಾರಿಸಿ, ಬೀಳುವಾಗ ಮಣಿಕಟ್ಟನ್ನು ಒಂದಿಷ್ಟೇ ಓರೆ ಮಾಡುತ್ತಿದ್ದಳು. ಹೊಟ್ಟು ಮುಂದೆ ಹೋಗುತ್ತಿತ್ತು, ಕಾಳು ನಡುವೆ, ಕಲ್ಲು ತನ್ನಷ್ಟಕ್ಕೆ ತಾನೇ ಹಿಂದೆ ಬಂದು ಅವಳ ಹೆಬ್ಬೆರಳ ಹತ್ತಿರ ಕೂಡುತ್ತಿತ್ತು. ಆದರೆ ತೊಗರಿಯಷ್ಟೇ ದಪ್ಪ, ತೊಗರಿಯಷ್ಟೇ ಕೆಂಪಾದ ಮುರ್ರಂ ಕಲ್ಲು ನಮ್ಮ ಕಡೆಯ ನೆಲದ್ದು. ಅದು ಮೊರಕ್ಕೆ ಮೋಸ ಮಾಡುತ್ತದೆ. ಅದನ್ನು ಕಣ್ಣಿನಿಂದಲೇ ಆರಿಸಬೇಕು. ಗುಂಡಮ್ಮನ ಕಣ್ಣು ಮಂಜಾಗತೊಡಗಿ ಎರಡು ವರ್ಷವಾಗಿತ್ತು. ಮೊರದ ಸಪ್ಪಳ ಕೇಳಿ, ಬೆರಳಿನಿಂದ ತಡವಿ ಅವಳು ಹೇಗೋ ನಡೆಸುತ್ತಿದ್ದಳು.

ಇನ್ನು ನನ್ನ ಕೆಲಸ. ಅಡತಿಯ ಗುಮಾಸ್ತ ಎಂದರೆ ಗಾದಿಯ ಮೇಲೆ ಕೂತು ಬರೆಯುವವನೆಂದು ನಾನು ತಿಳಿದಿದ್ದೆ. ನನ್ನನ್ನು ಇಟ್ಟುಕೊಂಡಿದ್ದು ಕಲ್ಲು ಎಣಿಸಲಿಕ್ಕೆ. ಹಸನಾದ ಒಂದೊಂದು ರಾಶಿಯಿಂದ ಒಂದು ಬೊಗಸೆ ತೊಗರಿ ತೆಗೆದು ಹಿತ್ತಾಳೆಯ ತಟ್ಟೆಯಲ್ಲಿ ಹರಡಿ, ಎಷ್ಟು ಕಲ್ಲಿವೆ ನೋಡಬೇಕು. ಮೂರರವರೆಗೆ ಮಾಫಿ, ನಾಲ್ಕಾದರೆ ಆ ಹೆಂಗಸಿಗೆ ಅರ್ಧ ದಿನದ ಕೂಲಿ ಇಲ್ಲ. ಜಗತ್ತಿನ ಸಂಪತ್ತಿನ ಹಂಚಿಕೆಯ ಬಗ್ಗೆ ಹದಿನಾಲ್ಕು ಪುಟ ಬರೆದ ಕೈ ಈಗ ತೊಗರಿಯಲ್ಲಿ ಕಲ್ಲು ಹುಡುಕುತ್ತಿತ್ತು. ಗುಂಡಮ್ಮನ ತಟ್ಟೆ ಬಂದಾಗ ನಾನು ಒಂದೋ ಎರಡೋ ಕಲ್ಲನ್ನು ಬೆರಳಿಗೆ ಅಂಟಿಸಿ ಶೇರವಾನಿಯ ತೋಳೊಳಗೆ ಜಾರಿಸುತ್ತಿದ್ದೆ. ತೋಳಿನ ಅಸ್ತರು ಹರಿದಿತ್ತಾದ್ದರಿಂದ ಕಲ್ಲುಗಳೆಲ್ಲ ಮೊಣಕೈ ಹತ್ತಿರ ಕೂಡಿ, ಕೈ ಬೀಸಿದರೆ ಗಿಲಕಿಯಂತೆ ಸಪ್ಪಳವಾಗುತ್ತಿತ್ತು. ಇದನ್ನು ನಾನು ದಯೆ ಎಂದುಕೊಂಡಿದ್ದೆ. ಅವಳ ಮನೆಯ ರೊಟ್ಟಿ ಕೆಡಬಾರದೆಂಬ ಕಾಳಜಿಗೂ ದಯೆಗೂ ಬಹಳ ಅಂತರವಿಲ್ಲ.

ಸಾವಕಾರರು ಕುರುಡರಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಒಂದು ದಿನ ತಾವೇ ತಟ್ಟೆಯ ಮುಂದೆ ಕೂತರು. ಗುಂಡಮ್ಮನ ಬೊಗಸೆಯಲ್ಲಿ ಏಳು ಕಲ್ಲು ಬಂದವು. "ಗುಂಡವ್ವಾ, ನಿನ್ನ ಮೈ ದಣದದ," ಅಂದರು ಬಹಳ ಮೆತ್ತಗೆ. "ಯುಗಾದಿ ತನಾ ನೋಡ್ತೇನಿ. ಆಮ್ಯಾಲ ಮನ್ಯಾಗ ಕೂತು ಶಿವನಾಮಾ ಮಾಡು."

ಆ ಸಂಜೆ ಗುಂಡಮ್ಮ ತನ್ನ ಗುಟ್ಟು ಹೇಳಿದಳು. ಹಿಂದಿನ ವಾರ ಬೀದರಕ್ಕೆ ಹೋದಾಗ, ಚೌಬಾರಾ ಗೋಪುರದ ಹತ್ತಿರ ಗಡಿಯಾರ, ಚಾಳೀಸು ಮಾರುವ ಅಬ್ದುಲ ವಾಹೀದ ಎಂಬವನ ಅಂಗಡಿಗೆ ಹೋಗಿದ್ದಳಂತೆ. ಅವನ ಪೆಟ್ಟಿಗೆಯಲ್ಲಿದ್ದ ಚಾಳೀಸುಗಳನ್ನು ಒಂದೊಂದಾಗಿ ಹಾಕಿ ನೋಡಿ, ಹನ್ನೊಂದನೆಯದರಲ್ಲಿ ಸೂಜಿಯ ಕಣ್ಣು ಕಂಡಿತಂತೆ. ಬೆಲೆ ಆರು ರೂಪಾಯಿ. ಕೂಡಿಟ್ಟಿದ್ದ ಒಂದೂವರೆ ರೂಪಾಯಿಯನ್ನೆಲ್ಲ ಮುಂಗಡದ ಬಯಾನಾ ಕೊಟ್ಟು, ಯುಗಾದಿಯವರೆಗೆ ಮತ್ತಾರಿಗೂ ಕೊಡಬೇಡವೆಂದು ಹೇಳಿ ಬಂದಿದ್ದಳು.

"ದಿನಕ್ಕ ಮೂರಾಣೆ ಕೂಲಿ. ಈಗ ಜ್ವಾಳ ಸೋವಿ ಆಗ್ಯಾದ. ಒಂದಾಣೆದಾಗ ಹೊಟ್ಟಿ ತುಂಬತದ, ಒಂದು ಉಪ್ಪು-ಎಣ್ಣಿಗಿ, ಒಂದು ಉಳೀತದ. ಯುಗಾದಿಗಿ ತರ್ತೇನಿ ನೋಡು. ಕಣ್ಣಿದ್ರ ಆ ಮನ್ಮಥ್ಯಾಗ ಇನ್ನಾ ಹತ್ತು ವರ್ಷ ಅಂಜಂಗಿಲ್ಲ."

ಕಸಾದ ಬಾಜಾರಿಯಿಂದ ಲಾಭವಾದ ಒಂದೇ ಒಂದು ಜೀವ ಅವಳು. ಧಾರಣೆ ಬಿದ್ದಿತ್ತು, ಕೂಲಿ ಬಿದ್ದಿರಲಿಲ್ಲ. ಸಲಾವೋದ್ದೀನ ಸಾಹೇಬರ ಪಾಠದಲ್ಲಿ ಇಂಥ ಹೆಂಗಸಿನ ಮಾತು ಬಂದಿರಲಿಲ್ಲ. ನನ್ನ ಪ್ರಬಂಧದಲ್ಲಂತೂ ಇರಲೇ ಇಲ್ಲ.

ಸಂಕ್ರಾಂತಿಯ ಮರುದಿನ ಸಾವಕಾರರು ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂಡಿಸಿ, ನನ್ನನ್ನು ಒಂದು ತೊಗರಿ ಚೀಲದ ಮೇಲೆ ನಿಲ್ಲಿಸಿದರು. ಕೈಯಲ್ಲಿ ಕಾಲೇಜಿನ ಪತ್ರಿಕೆ ಕೊಟ್ಟರು.

"ಓದು. ಕನ್ನಡದಾಗ ಹೇಳು, ಎಲ್ಲರಿಗಿ ತಿಳೀಬೇಕು."

ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಅರ್ಧ ಗೊತ್ತಾಯಿತು. ಆದರೆ ಇನ್ನರ್ಧ, ಚೀಲದ ಮೇಲೆ ನಿಂತ ಸುಖಕ್ಕೆ ಮರೆಯಾಯಿತು. ಕೇಳುವ ಜನ ಸಿಕ್ಕಿದರೆ ಬರೆದವನು ನಾಯಿಯಂತೆ ಬಾಲ ಆಡಿಸುತ್ತಾನೆ. ನಾನು ದನಿ ಏರಿಸಿ ಓದಿದೆ: ಕಾಳಿನ ಕೂಲಿಯೇ ಧರ್ಮದ ಕೂಲಿ, ರೊಕ್ಕ ಎಂಬುದು ಗಾಳಿಗೆ ಹಾರುವ ಹೊಟ್ಟು. ನಡುವೆ ಒಂದೆಡೆ ಕೈ ಬೀಸಿದೆ. ತೋಳಿನ ಕಲ್ಲುಗಳು ಸಪ್ಪಳ ಮಾಡಿದವು.

"ಕೇಳಿದ್ರಿಲ್ಲೋ?" ಎಂದರು ಸಾವಕಾರರು. "ಹೈದ್ರಾಬಾದಿನ ಕಾಲೇಜಿನವರು ಇನಾಮು ಕೊಟ್ಟ ಮಾತು ಇದು, ನಂದಲ್ಲ. ಮೊದಲ ನಿಮ್ಮ ಮೂರಾಣೆಕ್ಕ ಜ್ವಾಳ ಎಷ್ಟು ಬರ್ತಿತ್ತು? ಒಂದೂವರಿ ಸೇರು. ನಾ ಇವತ್ತಿನಿಂದ ದಿನಕ್ಕ ಎರಡು ಸೇರು ಜ್ವಾಳಾನೇ ಅಳದು ಕೊಡ್ತೇನಿ. ಅರ್ಧ ಸೇರು ಮ್ಯಾಲ, ನನ್ನ ಕೈಯಿಂದ. ಕಾಯಕದವರಿಗಿ ರೊಕ್ಕದ ಗೊಡವಿ ಯಾಕ?"

ಒಂದಿಬ್ಬರು ಹೆಂಗಸರು ತಲೆಯಾಡಿಸಿದರು. ಅರ್ಧ ಸೇರು ಹೆಚ್ಚಿಗೆಯೆಂಬ ಮಾತು ಕಿವಿಗೆ ಹಿತವಾಗಿತ್ತು. ಗುಂಡಮ್ಮ ಕೂತಲ್ಲಿಂದ ಎದ್ದಳು.

"ಸಾವಕಾರ್ರಿ, ಮೊದಲಿಂದು ಬಿಡ್ರಿ. ನಿನ್ನಿ ನಿಮ್ಮ ಅಂಗಡ್ಯಾಗೇ ಮೂರಾಣೆಕ್ಕ ನಾಕು ಸೇರು ತಂದೀನಿ. ನಾಕು ಹೋಗಿ ಎರಡು ಆತು. ಇದಕ್ಕ ಅರ್ಧ ಸೇರು ಮ್ಯಾಲ ಅಂತೀರಿ?"

ತಲೆಯಾಡಿಸಿದವರ ತಲೆ ನಿಂತಿತು. ಅವಳ ಪಕ್ಕದಲ್ಲಿದ್ದ ಆಬೇದಾ ಬಾಯಿಗೆ ಸೆರಗು ಹಿಡಿದು, "ಸಾವಕಾರ್ರ ಕಾಲೇಜು ಬ್ಯಾರೇನೇ ಅದ ಬಿಡವ್ವ," ಎಂದಳು.

ಸಾವಕಾರರು ಕಣ್ಣು ಅರ್ಧ ಮುಚ್ಚಿದರು. "ಒಲ್ಲದವರಿಗಿ ಜುಲುಮೆ ಇಲ್ಲ. ಕಮಠಾಣ, ಬಗದಲದಿಂದ ಎರಡು ಸೇರಿಗಿ ಬರೋ ಹೆಣಮಕ್ಕಳು ಭಾಳ ಮಂದಿ ಅದಾರ."

ಅದು ನಿಜವೇ ಇತ್ತು. ಆ ವರ್ಷ ಎಲ್ಲಿ ನೋಡಿದರೂ ಕೆಲಸ ಕೇಳುವವರೇ. ಗುಂಡಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ನನ್ನ ಮುಖ ಕಂಡಿತೋ, ಬರೀ ಶೇರವಾನಿಯ ಕಪ್ಪು ಕಂಡಿತೋ.

"ಇದು ನೀನೇ ಬರದದ್ದೇನು, ಕಾಲೇಜಪ್ಪಾ?"

"ಹೌದು, ಗುಂಡವ್ವಾ. ಆದ್ರ ನಾ ಬರದದ್ದು ಬ್ಯಾರೆ ಅರ್ಥದಾಗ..."

"ಇರಲಿ, ಇರಲಿ. ಛಲೋನೇ ಬರದಿ." ಮತ್ತೆ ಸಾವಕಾರರ ಕಡೆ ತಿರುಗಿ ಕೈ ಮುಗಿದಳು. "ಆತ್ರಿ, ಒಪ್ಪಿದೆವು. ಆದ್ರ ಒಂದು ಮಾತು. ಕಾಳಿನ ಕೂಲಿ ಇಷ್ಟು ಧರ್ಮದ್ದಿದ್ರ, ಅದನ್ನ ಬರದವಗ ಯಾಕ ತಪ್ಪಸ್ತೀರಿ? ಆ ಪಾಪ ಬ್ಯಾಡ್ರಿ ನಿಮಗ. ಇವನ ಪಗಾರಾನೂ ಜ್ವಾಳಾನೇ ಮಾಡ್ರಿ."

ಹೆಂಗಸರು ನಕ್ಕ ರಭಸಕ್ಕೆ ಕಟ್ಟೆಯ ಮೇಲಿನ ಪಾರಿವಾಳಗಳು ಎದ್ದವು. ಎಲ್ಲರಿಗಿಂತ ಹೆಚ್ಚು ನಕ್ಕವರು ಸಾವಕಾರರು. "ಭಲೆ! ನ್ಯಾಯದ ಮಾತು!" ಎಂದು ತೊಡೆ ತಟ್ಟಿದರು. ಹಳೆಯ ಧಾರಣೆಯಂತೆ ಹನ್ನೆರಡು ರೂಪಾಯಿಗೆ ತೊಂಬತ್ತಾರು ಸೇರು. ವಿದ್ಯಾವಂತನೆಂದು ನೂರಕ್ಕೆ ಏರಿಸಿದರು. ಆ ದಿನದ ಪೇಟೆಯಲ್ಲಿ ನೂರು ಸೇರು ಜೋಳಕ್ಕೆ ಹತ್ತಿರ ಹತ್ತಿರ ಐದು ರೂಪಾಯಿ. ಚೀಲದ ಮೇಲೆ ಹತ್ತಿದಾಗ ಹನ್ನೆರಡು ರೂಪಾಯಿಯವನಾಗಿದ್ದ ನಾನು ಇಳಿದಾಗ ಐದು ರೂಪಾಯಿಯವನಾಗಿದ್ದೆ. ಬೇಡವೆನ್ನಬಹುದಿತ್ತು. ಹೇಗೆ ಅನ್ನಲಿ? ಪತ್ರಿಕೆ ಇನ್ನೂ ಕೈಯಲ್ಲೇ ಇತ್ತು.

ಅಲ್ಲಿಂದ ಎರಡು ತಿಂಗಳು ನಾನು ಧರ್ಮದ ಕೂಲಿಯ ರುಚಿ ನೋಡಿದೆ. ಕ್ಷೌರಿಕನಿಗೆ ಪಾವು ಜೋಳ ಕೊಟ್ಟರೆ ಅವನು ಚೀಲದ ಮೂಲೆಯಲ್ಲಿ ತುಂಬಿದ ಜೋಳ ತೋರಿಸಿ, "ಇದರ ಮ್ಯಾಲ ಹಾಕಿ ಹೋಗ್ರಿ, ಮುಂದಿನ ಸಲ ರೊಕ್ಕ ತಂದ್ರ ಗಡ್ಡದ ಎಡಗಡಿನೂ ಮಾಡ್ತೇನಿ," ಅಂದ. ಅಪ್ಪನಿಗೆ ತಿಂಗಳಿಗೆ ಐದು ರೂಪಾಯಿ ಕಳಿಸುವ ವಾಡಿಕೆ. ಟಪಾಲು ಕಚೇರಿಗೆ ಹೋಗಿ ಮುನಷಿ ಹುಸೇನರ ಮುಂದೆ ನಿಂತು, ಜೋಳವನ್ನು ಔರಾದಕ್ಕೆ ಕಳಿಸಲು ಏನಾದರೂ ಉಪಾಯವಿದೆಯೇ ಎಂದು ಕೇಳಿದೆ. ಹುಸೇನರು ಕನ್ನಡಕ ಏರಿಸಿ ನನ್ನ ಶೇರವಾನಿ ನೋಡಿದರು.

"ಕಾಲೇಜ್ ಕಲತವರೇನ್ರಿ ನೀವು?"

"ಎರಡು ವರ್ಷ ಕಲತೀನ್ರಿ."

"ಹೌದಲ್ಲ, ಹಂಗೇ ಕಾಣಸ್ತದ. ಒಂದೊಂದೇ ಕಾಳು ಲಿಫಾಫೆದಾಗ ಹಾಕಿ ಟಿಕೇಟು ಹಚ್ಚಿ ಕೊಡ್ರಿ, ಕಳಸ್ತೇನಿ."

ಮಾರಿಬಿಡೋಣವೆಂದರೆ ಭಾಲ್ಕಿಯ ಪೇಟೆಯಲ್ಲಿ ಕೂಲಿಯ ಜೋಳ ಕೊಳ್ಳುವವರು ಸಾವಕಾರರ ಕಡೆಯವರೇ. ತಾವು ಕೊಟ್ಟ ಜೋಳವನ್ನೇ ಹುಳ ಇದೆ, ತೇವ ಇದೆ ಎಂದು ಅರ್ಧಕ್ಕೆ ಕೇಳುತ್ತಿದ್ದರು. ಅದಕ್ಕೆ ನಾನು ಚೀಲವನ್ನು ಗುಂಡಮ್ಮನ ಅಡಿಗೆಮನೆಯ ಮೂಲೆಯಲ್ಲಿಟ್ಟೆ. ಪಕ್ಕದಲ್ಲೇ ಅವಳ ಚೀಲ. ನನ್ನ ಊಟದ ಪಾಲನ್ನು, ಹಳೆಯ ಧಾರಣೆಯಂತೆ ಇಪ್ಪತ್ತೆಂಟು ಸೇರು, ತಿಂಗಳಿಗೊಮ್ಮೆ ಅವಳಿಗೆ ಅಳೆದು ಕೊಡುತ್ತಿದ್ದೆ. ಉಳಿದುದನ್ನು ಎತ್ತಿ, ಇಳಿಸಿ ನೋಡುವವನು ನಾನಲ್ಲ. ಕಾಲೇಜು ಬಿಟ್ಟರೂ ಗತ್ತು ಬಿಟ್ಟಿರಲಿಲ್ಲ.

ಅವಳ ಪಾಡು ದಿನದಿನಕ್ಕೆ ಬಿಗಿಯಾಯಿತು. ಎಣ್ಣೆಗೂ ಜೋಳ, ಉಪ್ಪಿಗೂ ಜೋಳ, ಜೋಳ ಇಸಿದುಕೊಳ್ಳುವ ಅಂಗಡಿಯವನು ಅಳೆಯುವಾಗಲೆಲ್ಲ ಸೇರನ್ನು ಗೋಪುರ ಮಾಡಿಸುತ್ತಿದ್ದ. ತಟ್ಟೆಯ ಮುಂದೆ ಈಗ ಸಾವಕಾರರು ದಿನಾ ಕೂರುತ್ತಿದ್ದರು. ಗುಂಡಮ್ಮನ ಬೊಗಸೆಯಲ್ಲಿ ಒಂದು ದಿನ ಐದು ಕಲ್ಲು, ಒಂದು ದಿನ ಎಂಟು. ಸಾವಕಾರರು ಕೂಲಿ ಕಡಿಯುತ್ತಿರಲಿಲ್ಲ, ಯುಗಾದಿಗೆ ಎಷ್ಟು ದಿನವಿದೆ ಎಂದಷ್ಟೇ ನನ್ನನ್ನು ಕೇಳುತ್ತಿದ್ದರು. ಕಮಠಾಣದ ಒಬ್ಬ ಹೆಂಗಸು ಬಂದು ಅಂಗಳದ ಬಾಗಿಲಲ್ಲಿ ಕೂತು ನೋಡಿಕೊಂಡು ಹೋಗಿದ್ದಳು. ಅವಳ ಕಣ್ಣುಗಳು ಚೆನ್ನಾಗಿದ್ದವು.

ನನ್ನ ಜೋಳವನ್ನು ಗುಂಡಮ್ಮನಿಗೆ ಕೊಟ್ಟುಬಿಡಬೇಕೆಂದು ನಾನು ಎಷ್ಟು ಸಲ ನಿರ್ಧಾರ ಮಾಡಿದೆ ಎಂಬುದಕ್ಕೆ ಲೆಕ್ಕವಿಲ್ಲ. ಸ್ನಾನ ಮಾಡುವಾಗ ನಿರ್ಧರಿಸುತ್ತಿದ್ದೆ, ಅಡತಿಗೆ ಹೋಗುವ ದಾರಿಯಲ್ಲಿ ಏನೇನು ಮಾತಾಡಿ ಕೊಡಬೇಕೆಂದು ಅಣಿಮಾಡಿಕೊಳ್ಳುತ್ತಿದ್ದೆ. ಆ ಮಾತುಗಳು ಎಷ್ಟು ಚೆನ್ನಾಗಿದ್ದವೆಂದರೆ, ಆಡಿ ಮುಗಿಸಿದಂತೆಯೇ ತೃಪ್ತಿಯಾಗುತ್ತಿತ್ತು. ಸಂಜೆ ರೊಟ್ಟಿ ಉಂಡು, ಅಪ್ಪನ ಮಿಷಿನ್ನಿಗೆ ಹೊಸ ಪಟ್ಟಿ ಬೇಕು, ನನ್ನ ಚಪ್ಪಲಿ ಹರಿದಿದೆ ಎಂದು ನೆನಪಾಗಿ ಮಲಗಿಬಿಡುತ್ತಿದ್ದೆ. ಹದಿನಾಲ್ಕು ಪುಟ ಬರೆದು ಕೆಡಿಸಿದ್ದನ್ನು ಒಂದು ಚೀಲ ಎತ್ತಿ ಸರಿಪಡಿಸಲು ನನ್ನ ಕೈಲಾಗಲಿಲ್ಲ. ಥೂ ಎಂದು ನನಗೆ ನಾನೇ ಅಂದುಕೊಂಡದ್ದುಂಟು. ಥೂ ಅನ್ನುವುದಕ್ಕೂ ಖರ್ಚಿಲ್ಲ.

ಯುಗಾದಿಗೆ ಹತ್ತು ದಿನವಿರುವಾಗ ಸಾವಕಾರರ ತೊಗರಿಯ ಗಾಡಿಗಳು ಬೀದರ ಗಂಜಿಗೆ, ಅಲ್ಲಿಯ ದೊಡ್ಡ ಕಾಳಿನ ಪೇಟೆಗೆ, ಹೊರಟವು. ಲೆಕ್ಕ ಒಪ್ಪಿಸಲು ನನ್ನನ್ನೂ ಕಳಿಸಿದರು. ಕೊನೆಯ ಗಾಡಿ ಹೊಡೆಯುವ ಮಚ್ಛೇಂದ್ರನನ್ನು ಕೇಳಿಕೊಂಡು ಗುಂಡಮ್ಮ ತನ್ನ ಚೀಲವನ್ನೂ ನನ್ನ ಚೀಲವನ್ನೂ ಏರಿಸಿ ತಾನೂ ಕೂತಳು. ಹಲಬರ್ಗಾ ದಾಟುವವರೆಗೆ ಅವಳು ಎರಡೂ ಚೀಲಗಳಿಗೆ ಒರಗಿಕೊಂಡು ಕೂತಿದ್ದಳು. ನಾನು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿದ್ದೆ. ಚಾಳೀಸಿಗೆ ಇನ್ನು ನಾಲ್ಕೂವರೆ ರೂಪಾಯಿ ಬೇಕು, ಅಂದರೆ ಬೀದರದ ಧಾರಣೆಯಲ್ಲಿ ತೊಂಬತ್ತು ಸೇರು ಜೋಳ. ಅವಳ ಉಣ್ಣುವುದು ತಿನ್ನುವುದು ಕಳೆದರೆ ಅರವತ್ತರ ಮೇಲೆ ಇರಲು ಸಾಧ್ಯವಿಲ್ಲ. ಒಂದೂವರೆ ರೂಪಾಯಿ ಕಡಿಮೆ ಬೀಳುತ್ತದೆ. ಆಗ ಅವಳು ನನ್ನ ಕಡೆ ನೋಡುತ್ತಾಳೆ. ಕೊಡಲೇಬೇಕಾಗುತ್ತದೆ. ಕೊಡುವಾಗ ಹೇಳುವ ಮಾತುಗಳು ಹೇಗೂ ತಯಾರಿದ್ದವು. ಆದರೆ ದಾರಿಯುದ್ದಕ್ಕೂ ನಾನು ಯೋಚಿಸಿದ್ದು, ಒಂದು ರೂಪಾಯಿಗೆ ಮುಗಿದೀತೇ ಎಂದು.

ಬೀದರದ ಗಂಜಿನಲ್ಲಿ ಅವಳ ಚೀಲ ಅಳೆದರು. ತೊಂಬತ್ತೊಂದು ಸೇರು ಬಂತು. ಅಳೆಯುವವನು ಎರಡು ಸಲ ಅಳೆದ. ಗುಂಡಮ್ಮನ ಮುಖದಲ್ಲಿ ಅಚ್ಚರಿಯಿರಲಿಲ್ಲ. ನನಗೆ ಆದ ನೆಮ್ಮದಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ: ನನ್ನ ಒಂದೂವರೆ ರೂಪಾಯಿ ಉಳಿಯಿತಲ್ಲ! ಆ ಖುಷಿಯಲ್ಲಿ, "ನಿನ್ನ ಸಲುವಾಗಿ ನಾ ಕೊಡಬೇಕಂತಿದ್ದೆ, ಗುಂಡವ್ವಾ," ಎಂದೂ ಹೇಳಿಬಿಟ್ಟೆ. ಅವಳು, "ಹೂಂ," ಎಂದಳು.

ಅಬ್ದುಲ ವಾಹೀದ ಮಾತಿಗೆ ತಪ್ಪಿರಲಿಲ್ಲ. ಹಳೆಯ ಹತ್ತಿಯಲ್ಲಿ ಸುತ್ತಿಟ್ಟ ಚಾಳೀಸು ತೆಗೆದು, ದಾರವನ್ನು ಎರಡೂ ಕಿವಿಗೆ ತಾನೇ ಸುತ್ತಿ, "ಏನು ಕಾಣಸ್ತದ ಹೇಳು, ಅಮ್ಮಾ," ಎಂದ.

ಗುಂಡಮ್ಮ ಅಂಗಡಿಯ ಕಟ್ಟೆಯಿಂದ ಬೀದಿ ನೋಡಿದಳು, ಚೌಬಾರಾದ ಗೋಪುರ ನೋಡಿದಳು, ತನ್ನ ಅಂಗೈ ತಿರುವಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು.

"ನೀ ಇಷ್ಟು ಸಣ್ಣಾಂವಿದ್ದೀಯೇನು?" ಅಂದಳು. "ನಾ ಮೂವತ್ತರ ಗಂಡಸು ಅಂದಿದ್ದೆ. ಮೀಸಿನೇ ಸರಿ ಬಂದಿಲ್ಲಲ್ಲೋ."

ವಾಹೀದ ನಕ್ಕ. ಅವಳು ನಗಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಮಾರಿ ತಂದ ರೊಕ್ಕವನ್ನು ಒಂದೊಂದಾಗಿ, ಈಗ ನೋಡಿ ನೋಡಿ, ಅವನ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟಳು.

ಮರಳಿ ಗಂಜಿಗೆ ಬಂದು ನನ್ನ ಚೀಲ ಅಳೆಸಿದೆ. ಊಟದ ಪಾಲು, ಕ್ಷೌರ, ಅಲ್ಲಿ ಇಲ್ಲಿ ಕೊಟ್ಟದ್ದು ಎಲ್ಲ ಕಳೆದರೂ ನೂರಾ ಹತ್ತು ಸೇರು ಇರಬೇಕು. ಎಂಬತ್ತು ಬಂತು. ಇನ್ನೊಮ್ಮೆ ಅಳೆಸಿದೆ. ಎಂಬತ್ತೇ. ಅರ್ಥಶಾಸ್ತ್ರ ಓದಿದವನಿಗೆ ಮೂವತ್ತು ಸೇರು ಎಲ್ಲಿ ಹೋಯಿತೆಂಬುದು ತಿಳಿಯಲು, ನಿಜ ಹೇಳುತ್ತೇನೆ, ಒಂದು ಗಳಿಗೆ ಬೇಕಾಯಿತು.

ಎತ್ತುಗಳಿಗೆ ಹುಲ್ಲು ಹಾಕಿ ಮಚ್ಛೇಂದ್ರ ಗಾಡಿಯ ನೆರಳಿನಲ್ಲಿ ಅಡ್ಡಾಗಿದ್ದ. ಗುಂಡಮ್ಮ ಗಾಡಿಯ ಹಿಂದೆ ಕೂತು, ಚೀಲಗಳಿಂದ ಸೋರಿ ಬಿದ್ದಿದ್ದ ಒಂದು ಹಿಡಿ ತೊಗರಿಯನ್ನು ಸೆರಗಿನಲ್ಲಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಬೆರಳು ತಡವುತ್ತಿರಲಿಲ್ಲ. ಕೆಂಪು ಕಲ್ಲೊಂದು ಕಂಡ ಕೂಡಲೆ ಹಕ್ಕಿ ಕುಕ್ಕಿದಂತೆ ನೇರ ಹೋಗಿ ಎತ್ತುತ್ತಿತ್ತು. ನಾನು ಹತ್ತಿರ ಹೋಗಿ ನಿಂತೆ. ಮುದುಕಿಯನ್ನು ಇಂಥ ಮಾತು ಕೇಳುವುದು ಹೇಗೆ? ಅದೂ ನಾನು ಕೇಳುವುದು?

"ಗುಂಡವ್ವಾ, ಒಂದು ಮಾತು ಕೇಳ್ತೇನಿ. ತಪ್ಪು ತಿಳೀಬ್ಯಾಡ."

"ಕೇಳು."

"ನನ್ನ ಚೀಲದಾಗ ಮೂವತ್ತು ಸೇರು ಕಮ್ಮಿ ಬಂದಾದ."

"ಹೂಂ."

"ಮನ್ಯಾಗ ಇಲಿ ಅವ ಏನು ಅಂತ..."

"ಇಲಿ ಇಲ್ಲ."

ಗಾಡಿಯ ಕೆಳಗೆ ಮಚ್ಛೇಂದ್ರ ಒಂದು ಕಣ್ಣು ತೆರೆದ. ಇನ್ನು ಸುತ್ತಿ ಬಳಸಿ ಕೇಳಲು ಜಾಗವಿರಲಿಲ್ಲ.

"ಮತ್ತ... ನೀ ಏನರ ತಗೊಂಡಿಯೇನು?"

ಅವಳು ಸೆರಗಿನಿಂದ ತಲೆ ಎತ್ತಿದಳು. ಹೊಸ ಚಾಳೀಸಿನ ಹಿಂದೆ ಅವಳ ಕಣ್ಣುಗಳು ದೊಡ್ಡವಾಗಿ, ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು.

"ತಗೊಂಡೀನಿ. ದಿನಾ ಅರ್ಧ ಸೇರು. ಮತ್ಯಾಕ ಹೇಳಿದ್ದೆ ನಾ ಸಾವಕಾರಗ, ಇವಗೂ ಜ್ವಾಳಾನೇ ಕೊಡ್ರಿ ಅಂತ?"